ಕಾರಣ ಹೇಳದ ಕಾಗದ

(ಬಾನುಲಿ ಭಾಷಣ)

ನಮ್ಮ ನಾಡಿನ ಹಳ್ಳಿಗಳಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳ ಪರಿಚಯ ಇಲ್ಲದೆ ಇರಲಾರದು. ಕೆರೆಯ ಏರಿಯ ಮೇಲೆ, ಊರಬಾಗಿಲ ಪಕ್ಕದಲ್ಲಿ, ಹನುಮಂತನ ಗುಡಿಯ ಹಿಂದೆ ಅರ್ಧ ಹೂತು ನಿಂತಿರುವ ಈ ಕಲ್ಲುಗಳು, ತನಗಾಗಿ ಕಾದಿ ಮಡಿದವನಿಗೆ ಒಂದು ಕಾಲದ ಸಮಾಜ ಸಲ್ಲಿಸಿದ ಋಣದ ದಾಖಲೆಗಳು. ಕಲ್ಲನ್ನು ನಿಲ್ಲಿಸಿದ ಮಾತ್ರಕ್ಕೆ ಋಣ ತೀರಿತೆಂದು ಆ ಕಾಲದವರು ಭಾವಿಸಲಿಲ್ಲ. ನೆತ್ತರುಗೊಡಗೆ, ರಕ್ತಕೊಡಗೆ, ಕಲ್ನಾಡು ಮುಂತಾದ ಹೆಸರುಗಳಿಂದ ಭೂಮಿಯನ್ನೂ ಬಿಟ್ಟುಕೊಟ್ಟರು. ಬೇಗೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ವೀರಗಲ್ಲನ್ನು ಹಲವರು ನೋಡಿರಬಹುದು. ಒಂಬತ್ತನೆಯ ಶತಮಾನದ ಕೊನೆಗೆ ಸೇರಿದ ಆ ಶಾಸನದಲ್ಲಿ, ಗಂಗರ ಎರೆಯಪ್ಪನ ಆಜ್ಞೆಯಂತೆ ತುಂಬೆಪಾಡಿಯಲ್ಲಿ ಕಾದಿ ಸತ್ತ ನಾಗತ್ತರನ ಕಥೆಯಿದೆ. ಅದನ್ನು ಕೇಳಿದ ಅರಸನು ಇರುಗನೆಂಬವನಿಗೆ ಆ ಪದವಿಯನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಶಾಸನ ಹೇಳುತ್ತದೆ.

ನಾಲ್ಕು ದಶಕಗಳ ಕಾಲ ಇಂಥ ಶಾಸನಗಳನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನನಗೆ ಒಂದು ಪ್ರಶ್ನೆ ಮಾತ್ರ ಬಹುಕಾಲ ಉತ್ತರವಿಲ್ಲದೆ ಉಳಿಯಿತು. ಕಾಳಗದಲ್ಲಿ ಸತ್ತವನಿಗೆ ಕಲ್ಲು ಸಿಕ್ಕಿತು, ಸ್ವರ್ಗ ಸಿಕ್ಕಿತು, ಅವನವರಿಗೆ ಭೂಮಿ ಸಿಕ್ಕಿತು. ಗೆದ್ದು ಬಂದವನಿಗೆ ಬಿರುದು ಸಿಕ್ಕಿತು. ಸಾಯದೆ, ಗೆಲ್ಲದೆ, ಕೈಕಾಲು ಕಳೆದುಕೊಂಡೋ ಬುದ್ಧಿ ಕದಡಿಯೋ ಊರಿಗೆ ಹಿಂತಿರುಗಿ ಇನ್ನೂ ಮೂವತ್ತು ವರ್ಷ ಬದುಕಿದವನ ಪಾಡೇನಾಯಿತು? ನಮ್ಮ ಕಲ್ಲುಗಳಲ್ಲಿ ಅವನ ಚಿತ್ರ ಕಾಣುವುದು ಅಪರೂಪ. ಇಂದಿನ ರಾಜ್ಯವ್ಯವಸ್ಥೆ ಅವನನ್ನು ಮರೆತಿಲ್ಲ. ಅವನಿಗಾಗಿ ಒಂದು ವೇತನವನ್ನು ಏರ್ಪಡಿಸಿದೆ. ಸೈನಿಕರ ಮಾತಿನಲ್ಲಿ ಅದು ಡಿಸೆಬಿಲಿಟಿ ಪೆನ್ಶನ್. ನಾವು ವೈಕಲ್ಯ ವೇತನ ಎನ್ನೋಣ. ಅದನ್ನು ಕೇಳಿದಾಗ 'ಇಲ್ಲ' ಎನಿಸಿಕೊಂಡ ಸೈನಿಕನ ವಿಷಯವಾಗಿ ಈ ಹೊತ್ತು ಕೆಲವು ಮಾತು ಹೇಳಬಯಸುತ್ತೇನೆ.

ಸಾಮಾನ್ಯ ಸಿಪಾಯಿಯೊಬ್ಬನಿಗೆ ಸಾಧಾರಣ ಪಿಂಚಣಿ ದೊರೆಯಬೇಕಾದರೆ ಹದಿನೈದು ವರ್ಷಗಳ ಸೇವೆ ಆಗಿರಬೇಕು. ಎಂಟೋ ಒಂಬತ್ತೋ ವರ್ಷವಾದ ಮೇಲೆ ರೋಗ ಬಂದು, ಮೆಡಿಕಲ್ ಬೋರ್ಡು ಎಂದು ಕರೆಯುವ ವೈದ್ಯರ ಮಂಡಲಿ 'ಇವನು ಸೈನ್ಯಕ್ಕೆ ಯೋಗ್ಯನಲ್ಲ' ಎಂದು ಬರೆದರೆ, ಆತ ಇಪ್ಪತ್ತೆಂಟು ಮೂವತ್ತರ ಹರೆಯದಲ್ಲಿ ಟ್ರಂಕನ್ನು ಹೊತ್ತು ಊರಿನ ಬಸ್ಸಿನಿಂದ ಇಳಿಯುತ್ತಾನೆ. ಕಲಿತ ಕಸುಬು ಸೈನ್ಯದ್ದು; ಆ ಕಸುಬಿಗೆ ತಾನು ಯೋಗ್ಯನಲ್ಲವೆಂಬ ಪತ್ರ ಕೈಯಲ್ಲಿದೆ. ಆ ಪತ್ರವನ್ನು ನೋಡಿದ ಬೇರೆಯವರೂ ಕೆಲಸ ಕೊಡಲು ಹಿಂಜರಿಯುತ್ತಾರೆ. ಇಂಥವನಿಗೆ ವೈಕಲ್ಯ ವೇತನವೊಂದೇ ಆಸರೆ. ಅದರಲ್ಲಿ ಎರಡು ಭಾಗಗಳುಂಟು: ಸಲ್ಲಿಸಿದ ಸೇವೆಗಾಗಿ ಸಿಗುವ ಸೇವಾಂಶ, ಉಂಟಾದ ಊನಕ್ಕಾಗಿ ಸಿಗುವ ವೈಕಲ್ಯಾಂಶ. ನೂರಕ್ಕೆ ನೂರು ಊನವಿದ್ದರೆ ಕೊನೆಯ ವೇತನದ ಶೇಕಡ 30ರಷ್ಟು ವೈಕಲ್ಯಾಂಶ. ಊನ ಕಡಿಮೆಯಾದಂತೆ ಹಣವೂ ಕಡಿಮೆ.

ಇದು ಸಿಗಲು 1961ರ ಸೇನಾ ಪಿಂಚಣಿ ನಿಯಮಾವಳಿ ಎರಡು ನಿಬಂಧನೆಗಳನ್ನು ಹಾಕಿತು. ಊನವು ಶೇಕಡ 20 ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. ಆ ಊನವು ಸೈನ್ಯದ ಸೇವೆಯಿಂದ ಬಂದದ್ದಾಗಿರಬೇಕು, ಇಲ್ಲವೆ ಸೇವೆಯಿಂದ ಉಲ್ಬಣಿಸಿದ್ದಾಗಿರಬೇಕು. ಮೊದಲನೆಯದು ಲೆಕ್ಕದ ಮಾತು. ಎರಡನೆಯದರಲ್ಲಿಯೇ ಸಾವಿರಾರು ಸೈನಿಕರ ಅರ್ಜಿಗಳು ಎಡವಿ ಬಿದ್ದಿರುವುದು. 'ಸೇವೆಯಿಂದ ಬಂದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ' ಎಂಬ ಇಂಗ್ಲಿಷ್ ವಾಕ್ಯವನ್ನು ಸೈನ್ಯದ ಕಾಗದಗಳಲ್ಲಿ ನಾಲ್ಕಕ್ಷರಕ್ಕೆ ಇಳಿಸಿ 'ಎನ್.ಎ.ಎನ್.ಎ.' ಎಂದು ಬರೆಯುತ್ತಾರೆ. ಅದನ್ನು ಒಟ್ಟಿಗೆ ಓದಿದರೆ ಕನ್ನಡದಲ್ಲಿ 'ನಾನಾ' ಎಂದಾಗುತ್ತದೆ. ಅಪಸ್ಮಾರವಾಗಲಿ, ಹೃದ್ರೋಗವಾಗಲಿ, ರಕ್ತದೊತ್ತಡವಾಗಲಿ, ಚಿತ್ತವಿಕಾರವಾಗಲಿ, ನಾನಾ ಬಗೆಯ ರೋಗಗಳಿಗೆ, ನಾನಾ ಬಗೆಯ ಮನುಷ್ಯರಿಗೆ ಇದೊಂದೇ ಮುದ್ರೆ.

ಹಾಗಾದರೆ ನಿಯಮ ಅಷ್ಟೊಂದು ಕಠಿಣವಾಗಿತ್ತೆ? ಇಲ್ಲವೆಂಬುದೇ ಇಲ್ಲಿನ ಸ್ವಾರಸ್ಯ. 1982ರಲ್ಲಿ ಈ ವೇತನದ ಅರ್ಹತೆಯನ್ನು ಕುರಿತು ಮಾಡಿದ ನಿಯಮಗಳು ಬಹು ಉದಾರವಾದವು. ಸೈನ್ಯಕ್ಕೆ ಸೇರುವಾಗ ಒಬ್ಬನ ದೇಹ, ಮನಸ್ಸುಗಳಲ್ಲಿ ದೋಷವಿತ್ತೆಂದು ಬರೆದಿಡದಿದ್ದರೆ, ಆತ ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸತಕ್ಕದ್ದು. ಮುಂದೆ ಆರೋಗ್ಯದ ಕಾರಣದಿಂದ ಅವನನ್ನು ಬಿಡುಗಡೆ ಮಾಡಿದರೆ, ಆ ಕೆಡುಕು ಸೇವೆಯಿಂದಲೇ ಬಂತೆಂದು ಭಾವಿಸತಕ್ಕದ್ದು. ತನ್ನ ಅರ್ಹತೆಯನ್ನು ರುಜುವಾತುಪಡಿಸುವ ಹೊಣೆ ಸೈನಿಕನದಲ್ಲ. ಸಂಶಯವಿದ್ದರೆ ಅದರ ಲಾಭ ಅವನಿಗೇ ಸಲ್ಲತಕ್ಕದ್ದು. ಸೇರುವ ವೇಳೆಗೆ ಪತ್ತೆ ಹಚ್ಚಲು ಸಾಧ್ಯವೇ ಇರದ ರೋಗವದು ಎಂದು ವೈದ್ಯರಿಗೆ ತೋರಿದರೆ ಹಾಗೆಂದು ಹೇಳಬಹುದು, ಆದರೆ ಕಾರಣವನ್ನು ಬರೆದು ಹೇಳಬೇಕು. ನಿಯಮದ ಹೃದಯವಿರುವುದು ಈ ಕೊನೆಯ ಮಾತಿನಲ್ಲಿ.

ಈ ನಿಯಮದ ಹಿಂದಿರುವ ತರ್ಕವನ್ನು ತಿಳಿಯಲು ಕಾನೂನಿನ ಪಾಂಡಿತ್ಯ ಬೇಡ. ಸೈನ್ಯದ ಭರತಿ ನಡೆಯುವ ಮೈದಾನಕ್ಕೆ ಒಮ್ಮೆ ಹೋಗಿ ನೋಡಿದರೆ ಸಾಕು. ಹುಡುಗರನ್ನು ಓಡಿಸುತ್ತಾರೆ, ಎದೆಯ ಸುತ್ತಳತೆಯನ್ನು ಉಬ್ಬಿಸಿ ಅಳೆಯುತ್ತಾರೆ, ಇಳಿಸಿ ಅಳೆಯುತ್ತಾರೆ, ಹಲ್ಲು ಎಣಿಸುತ್ತಾರೆ, ಕಿವಿಗೆ ದೀಪ ಹಿಡಿಯುತ್ತಾರೆ, ಮೊಣಕಾಲು ಕೂಡುವುದೇ ಎಂದು ನಿಲ್ಲಿಸಿ ನೋಡುತ್ತಾರೆ, ಬಣ್ಣಗಳನ್ನು ಗುರುತಿಸಲು ಹೇಳುತ್ತಾರೆ. ಸಣ್ಣ ದೋಷಕ್ಕೂ ಹಿಂದಕ್ಕೆ ಕಳುಹಿಸುತ್ತಾರೆ. ಹಾಗೆ ಸೋಸಿ ತೆಗೆದ ಹುಡುಗನನ್ನು ತರಬೇತಿಯ ನಂತರ 'ಶೇಪ್ ಒನ್' ಎಂಬ ಶ್ರೇಣಿಯಲ್ಲಿ ಇಡುತ್ತಾರೆ. ಮನಸ್ಸು, ಶ್ರವಣ, ಅಂಗಾಂಗ, ದೇಹ, ದೃಷ್ಟಿ ಈ ಐದೂ ನೆಟ್ಟಗಿವೆ ಎಂಬುದು ಅದರ ಅರ್ಥ. ಹೀಗೆಂದು ಪ್ರಮಾಣಪತ್ರ ಕೊಟ್ಟವರು ಸರ್ಕಾರದ ವೈದ್ಯರೇ. ಹತ್ತು ವರ್ಷದ ಬಳಿಕ ಅದೇ ಸರ್ಕಾರದ ಇನ್ನೊಬ್ಬ ವೈದ್ಯರು 'ಈ ರೋಗ ಇವನ ಪ್ರಕೃತಿಯಲ್ಲಿಯೇ ಇತ್ತು, ನಮ್ಮ ಸೇವೆಗೂ ಅದಕ್ಕೂ ಸಂಬಂಧವಿಲ್ಲ' ಎಂದರೆ, ಮೊದಲಿನ ಪ್ರಮಾಣಪತ್ರಕ್ಕೆ ಏನು ಬೆಲೆ? ಸಂಬಂಧವಿಲ್ಲವೆನ್ನುವವರೇ ಅದನ್ನು ತೋರಿಸಿಕೊಡುವುದು ನ್ಯಾಯ.

ನಿಯಮ ಹೀಗಿದ್ದರೂ ಆಚರಣೆ ಬೇರೊಂದು ದಾರಿ ಹಿಡಿಯಿತು. ಇದಕ್ಕೆ ಒಂದು ನಿಜವಾದ ಉದಾಹರಣೆಯನ್ನು ಕೊಡುತ್ತೇನೆ. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ದಾಖಲಾಗಿರುವ ಸಂಗತಿಯಿದು. ಧರ್ಮವೀರ ಸಿಂಗ್ ಎಂಬವರು 1985ರ ಜೂನ್ ತಿಂಗಳಲ್ಲಿ ಸೈನ್ಯದ ಸಿಗ್ನಲ್ಸ್ ದಳಕ್ಕೆ ಸಿಪಾಯಿಯಾಗಿ ಸೇರಿದರು. ಸೇರುವಾಗ ರೋಗವೇನೂ ಇದ್ದಂತೆ ದಾಖಲೆಯಿಲ್ಲ. ಸುಮಾರು ಒಂಬತ್ತು ವರ್ಷಗಳ ಸೇವೆಯಾದ ಮೇಲೆ, 1994ರ ಏಪ್ರಿಲ್ 1ರಂದು, ಅಪಸ್ಮಾರವಿದೆ, ಶೇಕಡ 20ರಷ್ಟು ಶಾಶ್ವತ ಊನವಿದೆ ಎಂದು ಅವರನ್ನು ಬಿಡುಗಡೆ ಮಾಡಲಾಯಿತು. ವೈದ್ಯಕೀಯ ಮಂಡಲಿಯ ಅಭಿಪ್ರಾಯ ಇಷ್ಟೇ: ಈ ವೈಕಲ್ಯಕ್ಕೂ ಸೈನ್ಯದ ಸೇವೆಗೂ ಸಂಬಂಧವಿಲ್ಲ. ಏಕೆ ಇಲ್ಲವೆಂಬುದಕ್ಕೆ ಕಾರಣವಿರಲಿಲ್ಲ. ಪಿಂಚಣಿಯನ್ನು ಮಂಜೂರು ಮಾಡುವ ಅಧಿಕಾರಿಗಳು ಆ ಅಭಿಪ್ರಾಯವನ್ನು ಆಧರಿಸಿ 1995ರಲ್ಲಿ ಅರ್ಜಿಯನ್ನು ತಳ್ಳಿಹಾಕಿದರು. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದಲ್ಲಿ ಒಬ್ಬ ನ್ಯಾಯಾಧೀಶರು ಸೈನಿಕನ ಪರವಾಗಿ ತೀರ್ಪು ಕೊಟ್ಟರು. ವಿಭಾಗೀಯ ಪೀಠ ಅದನ್ನು ರದ್ದುಮಾಡಿತು. ಕೊನೆಗೆ 2013ರ ಜುಲೈ 2ರಂದು ಸರ್ವೋಚ್ಚ ನ್ಯಾಯಾಲಯವು ಅವರಿಗೆ ವೇತನ ಸಲ್ಲಬೇಕೆಂದು ಹೇಳಿತು. ಸೈನ್ಯ ಬಿಟ್ಟು ಹತ್ತೊಂಬತ್ತು ವರ್ಷ ಕಳೆದಿತ್ತು.

ಆ ತೀರ್ಪಿನಲ್ಲಿ ನ್ಯಾಯಾಲಯ ಹೊಸ ಹಕ್ಕನ್ನೇನೂ ಸೃಷ್ಟಿಸಲಿಲ್ಲ. 1982ರ ನಿಯಮಗಳನ್ನು ಒಂದೊಂದಾಗಿ ತೆಗೆದು, ಅವು ಏನು ಹೇಳುತ್ತವೆಯೋ ಅದನ್ನೇ ಓದಿ ತೋರಿಸಿತು. ಸೇರುವಾಗ ರೋಗದ ಟಿಪ್ಪಣಿ ಇಲ್ಲ. ಹೀಗಾಗಿ ಆರೋಗ್ಯವಂತನೆಂಬ ಭಾವನೆ ಸೈನಿಕನ ಪರವಾಗಿದೆ. ಮಂಡಲಿ ಕಾರಣ ಕೊಟ್ಟಿಲ್ಲ. ಹೀಗಾಗಿ ಆ ಭಾವನೆಯನ್ನು ಅಲ್ಲಗಳೆಯುವ ಆಧಾರವಿಲ್ಲ. ವೈದ್ಯಕೀಯ ಮಂಡಲಿಯ ಮಾತೇ ಕೊನೆಯ ಮಾತೆಂದು ಅದಕ್ಕೆ ಹಿಂದಿನ ಕೆಲವು ತೀರ್ಪುಗಳಲ್ಲಿ ತೋರುವಂತಿತ್ತು. ವೈದ್ಯರ ಅಭಿಪ್ರಾಯಕ್ಕೆ ಗೌರವ ಸಲ್ಲಬೇಕು, ಆದರೆ ಕಾರಣವಿಲ್ಲದ್ದು ಅಭಿಪ್ರಾಯವೆನಿಸದು ಎಂಬ ವಿವೇಕ 2013ರ ಬಳಿಕ ದೃಢವಾಯಿತು. 2014ರಲ್ಲಿ ಮತ್ತೊಂದು ತೀರ್ಪು, ರೋಗದ ಕಾರಣದಿಂದ ಸೈನ್ಯದಿಂದಲೇ ಹೊರಗೆ ಕಳುಹಿಸುವಷ್ಟು ಊನವಿದ್ದರೆ ಅದು ಶೇಕಡ 20ಕ್ಕಿಂತ ಹೆಚ್ಚೆಂದೇ ಭಾವಿಸಬೇಕೆಂದು ತಿಳಿಸಿತು. ಅದೂ ಸಾಮಾನ್ಯ ಬುದ್ಧಿಗೆ ಒಪ್ಪುವ ಮಾತೇ. ದುಡಿಯಲಾರದಷ್ಟು ರೋಗಿ, ವೇತನಕ್ಕೆ ಸಾಲದಷ್ಟು ಆರೋಗ್ಯವಂತ ಎಂದು ಒಬ್ಬನನ್ನೇ ಎರಡು ಬಾಯಿಯಲ್ಲಿ ಹೇಳುವುದು ಹೇಗೆ?

ನ್ಯಾಯ ದೊರೆಯಲು ಹಿಡಿಯುವ ಕಾಲವನ್ನು ನೆನೆದರೆ ಮಾತ್ರ ಮನಸ್ಸು ಭಾರವಾಗುತ್ತದೆ. ಬಿಜೇಂದರ್ ಸಿಂಗ್ ಎಂಬ ಸೈನಿಕರು 1985ರಲ್ಲಿ ಸೇರಿದರು. ಸಿಯಾಚಿನ್ ನೀರ್ಗಲ್ಲಿನ ಪ್ರದೇಶದಲ್ಲಿ ಸೇವೆ ಮಾಡಿದರು. ಅಪಸ್ಮಾರ ಕಾಣಿಸಿಕೊಂಡು 1989ರಲ್ಲಿ ಬಿಡುಗಡೆ ಹೊಂದಿದರು. ಅವರಿಗೆ ವೈಕಲ್ಯ ವೇತನ ಸಲ್ಲಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2025ರ ಏಪ್ರಿಲ್‌ನಲ್ಲಿ. ನಡುವೆ ಕಳೆದ ವರ್ಷಗಳು ಮೂವತ್ತಾರು. ಇನ್ನು ತರಸೇಮ್ ಸಿಂಗ್ ಎಂಬವರ ಪ್ರಕರಣ. ಅವರು ಸೈನ್ಯ ಬಿಟ್ಟದ್ದು 1983ರಲ್ಲಿ. ನ್ಯಾಯಾಲಯದ ಬಾಗಿಲು ತಟ್ಟಿದ್ದು 1999ರಲ್ಲಿ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಸಮತೋಲನದ ಸೂತ್ರವನ್ನು ಹಾಕಿಕೊಟ್ಟಿತು. ಪಿಂಚಣಿಯ ನಿರಾಕರಣೆ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾಯಿತೆಂಬ ಮಾತ್ರಕ್ಕೆ ಹಕ್ಕು ಸಾಯುವುದಿಲ್ಲ. ಆದರೆ ಹಿಂದಿನ ಬಾಕಿ, ದಾವೆ ಹೂಡಿದ ದಿನಕ್ಕೆ ಹಿಂದಿನ ಮೂರು ವರ್ಷಗಳಿಗೆ ಮಾತ್ರ ಸೀಮಿತ. ಸುಮ್ಮನಿದ್ದ ಕಾಲಕ್ಕೆ ಸೈನಿಕನೇ ಬೆಲೆ ತೆರುತ್ತಾನೆ.

ಸೈನಿಕ ಏಕೆ ಸುಮ್ಮನಿರುತ್ತಾನೆ? ಶತ್ರುವಿಗೆ ಎದೆಗೊಟ್ಟು ನಿಂತವನು ಒಂದು ಕಾಗದಕ್ಕೆ ಏಕೆ ತಲೆಬಾಗುತ್ತಾನೆ? ಇದಕ್ಕೆ ಉತ್ತರ ನನಗೆ ದೊರೆತದ್ದು ಪುಸ್ತಕಗಳಿಂದಲ್ಲ. ನಿವೃತ್ತಿಯ ನಂತರ ನಾನು ನೆಲೆಸಿರುವ ಊರು ಗಡಿಭಾಗದ್ದು. ಸುತ್ತಲಿನ ಹಳ್ಳಿಗಳಿಂದ ತಲೆಮಾರುಗಳಿಂದ ಹುಡುಗರು ಸೈನ್ಯಕ್ಕೆ ಹೋಗುತ್ತಾರೆ. ಇಂಗ್ಲಿಷ್ ಕಾಗದ ಬಂದರೆ 'ಸರ್ರ ಓದಿ ಹೇಳ್ತಾರ' ಎಂದು ನಮ್ಮ ಮನೆಗೆ ತರುವ ರೂಢಿ ಬಿದ್ದಿದೆ. ಹಾಗೆ ಬಂದವರಲ್ಲಿ ಒಬ್ಬಾಕೆ, ನಾಯಕ್ ದರ್ಜೆಯಲ್ಲಿದ್ದು ಬಿಡುಗಡೆಯಾದವನ ಹೆಂಡತಿ. ಗಂಡ ಹನ್ನೊಂದು ವರ್ಷ ಸೇವೆ ಮಾಡಿ, ದೂರದ ಗಡಿ ಠಾಣೆಯೊಂದರಲ್ಲಿದ್ದಾಗ ಚಿತ್ತಸ್ವಾಸ್ಥ್ಯ ಕಳೆದುಕೊಂಡು ಮನೆಗೆ ಬಂದಿದ್ದ. ಆಕೆಯ ಕೈಯಲ್ಲಿದ್ದದ್ದು ನಾಲ್ಕು ವರ್ಷದ ಹಿಂದಿನ ಕಾಗದ. ರೋಗವು ವ್ಯಕ್ತಿಯ ಪ್ರಕೃತಿಗೆ ಸಂಬಂಧಿಸಿದ್ದು, ಸೇವೆಗೆ ಸಂಬಂಧಿಸಿದ್ದಲ್ಲ, ಆದ್ದರಿಂದ ಅರ್ಜಿ ತಿರಸ್ಕೃತ ಎಂದಿತ್ತು. ಅಸಮಾಧಾನವಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದು ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

'ಇಷ್ಟು ದಿನ ಯಾಕೆ ತರಲಿಲ್ಲ ತಂಗಿ?' ಎಂದು ಕೇಳಿದೆ. 'ಸಾಹೇಬರು ಬರದ ಮ್ಯಾಲ ಮುಗೀತಲ್ರಿ ಸರ್ರ, ಅಂತಾರ ಇವರು' ಎಂದಳು. ಹನ್ನೊಂದು ವರ್ಷ ಮೇಲಿನವರ ಮಾತಿಗೆ ಎದುರಾಡದೆ ಇರುವುದನ್ನೇ ಧರ್ಮವೆಂದು ಕಲಿತವನಿಗೆ, ಅದೇ ಮೇಲಿನವರ ಕಾಗದವನ್ನು ಪ್ರಶ್ನಿಸುವುದು ಶಿಸ್ತಿನ ಭಂಗವಾಗಿ ಕಂಡಿತ್ತು. ಅಷ್ಟೇ ಅಲ್ಲ, 'ಪ್ರಕೃತಿ' ಎಂಬ ಮಾತು ಮನೆತನಕ್ಕೆ ಹತ್ತಿದ ಕಳಂಕದಂತೆ ಅವರಿಗೆ ಕೇಳಿಸಿತ್ತು. ಇದನ್ನು ಊರವರೆದುರು ಬಿಚ್ಚಿದರೆ ನಾಳೆ ಮಗಳ ಮದುವೆಗೆ ತೊಡಕಾದೀತೆಂದು ಕಾಗದವನ್ನು ಟ್ರಂಕಿನ ತಳದಲ್ಲಿ ಹಾಕಿಟ್ಟಿದ್ದರು.

ಕಾಗದವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ ಮುಗಿಸುತ್ತಲೇ ಆಕೆ ಒಂದು ಮಾತು ಕೇಳಿದಳು: 'ಸೈನ್ಯಕ್ಕ ತಗೊಳ್ಳುವಾಗ ಅವರ ಡಾಕ್ಟರೇ ನೋಡಿ ತಗೊಂಡಾರಲ್ರಿ. ಆವಾಗ ಏನೂ ಇದ್ದಿಲ್ಲ ಅಂದವರು ಅವರೇ. ಈಗ ಮನಿಯಿಂದ ತಂದ ಬ್ಯಾನಿ ಅಂತಾರ. ಹಂಗಿದ್ರ ಅವತ್ತ ಯಾಕ ಹೇಳ್ಲಿಲ್ಲ?' ಆಕೆ ಓದಿದವಳಲ್ಲ. 1982ರ ನಿಯಮದ ತಿರುಳು, 2013ರ ತೀರ್ಪಿನ ತಿರುಳು, ಎರಡೂ ಆ ಪ್ರಶ್ನೆಯಲ್ಲಿದ್ದುವು.

ಭಾಷೆಯ ಅಧ್ಯಾಪಕನಾದ್ದರಿಂದ ಆ ಕಾಗದದ ವಾಕ್ಯರಚನೆಯೂ ನನ್ನ ಗಮನವನ್ನು ಸೆಳೆಯಿತು. ಪರಿಶೀಲಿಸಲಾಗಿದೆ, ಕಂಡುಬಂದಿದೆ, ತಿರಸ್ಕರಿಸಲಾಗಿದೆ: ಎಲ್ಲವೂ ಕರ್ಮಣಿ ಪ್ರಯೋಗ. ಯಾರು ಪರಿಶೀಲಿಸಿದರು, ಯಾರಿಗೆ ಕಂಡುಬಂತು, ಏನನ್ನು ನೋಡಿದ್ದರಿಂದ ಕಂಡುಬಂತು ಎಂಬುದು ಎಲ್ಲಿಯೂ ಇಲ್ಲ. ಕರ್ತೃವಿಲ್ಲದ ವಾಕ್ಯಕ್ಕೆ ಉತ್ತರ ಬರೆಯುವುದು ಕಷ್ಟ. ಎದುರಿಗೆ ಮನುಷ್ಯನಿಲ್ಲದೆ ಮಾತಾಡಿದಂತೆ. ನಾವು ಮಾಡಿದ್ದಿಷ್ಟೆ: ವೈದ್ಯಕೀಯ ಮಂಡಲಿಯ ನಡವಳಿಯ ಪ್ರತಿಯನ್ನು ತರಿಸಿಕೊಂಡು, ಕಾರಣವನ್ನು ಬರೆಯಬೇಕಾದ ಅಂಕಣದಲ್ಲಿ ಕಾರಣವಿಲ್ಲವೆಂಬುದನ್ನು ಎತ್ತಿ ತೋರಿಸಿ ಮೇಲ್ಮನವಿ ಬರೆದೆವು. ಅದಕ್ಕೆ ಬಂದ ಉತ್ತರದಲ್ಲಿಯೂ ಮೊದಲಿನ ವಾಕ್ಯವೇ ಇತ್ತು. ಈಗ ಪ್ರಕರಣ ನ್ಯಾಯಮಂಡಳಿಯ ಮುಂದಿದೆ. ಫಲವೇನಾದೀತೆಂದು ಹೇಳಲಾರೆ. ಆ ಮನೆಯಲ್ಲಿ ಆಗಿರುವ ಒಂದು ಬದಲಾವಣೆಯನ್ನು ಮಾತ್ರ ಹೇಳಬಲ್ಲೆ. ಕಾಗದ ಈಗ ಟ್ರಂಕಿನ ತಳದಲ್ಲಿಲ್ಲ. ಗೋಡೆಯ ಗೂಡಿನಲ್ಲಿ, ಕೈಗೆ ಸಿಗುವಂತೆ ಇದೆ.

ನಾನು ಒಂದೇ ಪಕ್ಷದ ಮಾತು ಹೇಳುತ್ತಿದ್ದೇನೆಂದು ಯಾರಾದರೂ ಭಾವಿಸಬಹುದು. ಸರ್ಕಾರದ ಕಡೆಯಿಂದಲೂ ಒಂದು ವಾದವುಂಟು, ಅದನ್ನು ಕಡೆಗಣಿಸುವಂತಿಲ್ಲ. ಮೂವತ್ತು ವರ್ಷ ಸೇವೆ ಮಾಡಿದ ಯಾವ ಮನುಷ್ಯನಿಗೂ ಐವತ್ತರ ಸುಮಾರಿಗೆ ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಬರಬಹುದು, ಸೈನ್ಯದಲ್ಲಿರದಿದ್ದರೂ ಬರುತ್ತಿತ್ತು. ಅದಕ್ಕೆಲ್ಲ ವೈಕಲ್ಯ ವೇತನ ಕೊಡುತ್ತ ಹೋದರೆ ನಿಜವಾಗಿ ಗಾಯಗೊಂಡವನ ಗೌರವಕ್ಕೆ ಕುಂದಾಗುವುದಿಲ್ಲವೆ? ನಿವೃತ್ತಿಯ ಅಂಚಿನಲ್ಲಿ ರೋಗವನ್ನು ಮುಂದೊಡ್ಡುವವರೂ ಇಲ್ಲವೆ? ಈ ಆತಂಕ ನಿಯಮಗಳಲ್ಲಿಯೂ ಪ್ರತಿಫಲಿಸಿದೆ. 2008ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳು, ಸೇವೆಯ ಅವಧಿಯಲ್ಲಿ ರೋಗ ಕಾಣಿಸಿಕೊಂಡಿತೆಂಬ ಮಾತ್ರದಿಂದ ಅದು ಸೇವೆಯಿಂದಲೇ ಬಂತೆಂದು ಆಗದು ಎಂದುವು. 2023ರ ಸೆಪ್ಟೆಂಬರ್ 21ರಿಂದ ಅನ್ವಯಿಸುವ ಹೊಸ ನಿಯಮಗಳು ಇನ್ನಷ್ಟು ಬಿಗಿಯಾಗಿವೆ. ಬಿಡುಗಡೆಯಾಗದೆ ಸೇವಾವಧಿಯನ್ನು ಮುಗಿಸಿದ ರೋಗಿಗಳಿಗೆ 'ಇಂಪೇರ್ಮೆಂಟ್ ರಿಲೀಫ್' ಎಂಬ ಬೇರೊಂದು ಹೆಸರಿನ ಪರಿಹಾರವನ್ನು ತಂದಿವೆ.

ಈ ವಾದದಲ್ಲಿ ಸತ್ಯಾಂಶವಿದೆ ಎಂದು ಒಪ್ಪುತ್ತೇನೆ. ಪ್ರತಿಯೊಂದು ಅರ್ಜಿಯನ್ನೂ ಜರಡಿ ಹಿಡಿಯುವುದು ಸಾರ್ವಜನಿಕ ಹಣಕ್ಕೆ ಹೊಣೆಗಾರರಾದವರ ಕರ್ತವ್ಯ. ಆದರೆ ಜರಡಿ ಹಿಡಿಯುವುದೆಂದರೆ ನೋಡುವುದು, ತೂಗುವುದು, ಕಾರಣ ಹೇಳುವುದು. ಒಂದೇ ಮುದ್ರೆಯನ್ನು ಎಲ್ಲದರ ಮೇಲೆ ಒತ್ತುವುದು ಜರಡಿಯಲ್ಲ. ಶಾಂತಿಯ ಠಾಣೆಯಲ್ಲಿದ್ದಾಗ ರೋಗ ಬಂತು, ಆದ್ದರಿಂದ ಸೇವೆಯ ಒತ್ತಡವಿರಲಿಲ್ಲ ಎಂಬ ವಾದವನ್ನೂ ಪದೇ ಪದೇ ಕೇಳುತ್ತೇವೆ. ಮನೆಯಿಂದ ಸಾವಿರಾರು ಮೈಲಿ ದೂರ, ರಜೆಗೂ ಅಪ್ಪಣೆ ಬೇಕಾದ, ಹೊತ್ತುಗೊತ್ತಿಲ್ಲದೆ ಕರೆಗೆ ಕಾದಿರಬೇಕಾದ ಬದುಕಿನಲ್ಲಿ ಶಾಂತಿಯ ಠಾಣೆಯೂ ಸಾಮಾನ್ಯರ ಶಾಂತಿಯಲ್ಲ. ನ್ಯಾಯಾಲಯಗಳು ಇದನ್ನು ಕಂಡುಕೊಂಡಿವೆ. 2025ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಇಂಥ ವಿಷಯದಲ್ಲಿ ಕೇಂದ್ರ ಸರ್ಕಾರ ಸಲ್ಲಿಸಿದ್ದ ಸುಮಾರು 300 ಅರ್ಜಿಗಳನ್ನು ಒಟ್ಟಿಗೆ ವಜಾ ಮಾಡಿ, ಈ ವೇತನವು ಸರ್ಕಾರದ ಔದಾರ್ಯವಲ್ಲ ಎಂಬುದನ್ನು ನೆನಪಿಸಿತು.

ಇನ್ನು ನಿರಾಕರಣೆಯ ಕಾಗದ ಕೈಗೆ ಬಂದವರು ಏನು ಮಾಡಬೇಕು? ಮೊದಲನೆಯದಾಗಿ, ಅದನ್ನು ತೀರ್ಪೆಂದು ತಿಳಿಯಬಾರದು. ಅದು ವಿಚಾರಣೆಯ ಮೊದಲ ಮೆಟ್ಟಿಲು. ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ವಿಫಲವಾದರೆ ಎರಡನೆಯ ಮೇಲ್ಮನವಿ ಎಂಬ ಏರ್ಪಾಡು ಇಲಾಖೆಯಲ್ಲಿಯೇ ಇದೆ. ಬರೆಯುವ ಮುನ್ನ ವೈದ್ಯಕೀಯ ಮಂಡಲಿಯ ನಡವಳಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಸುಲಭವಾಗಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ನಡವಳಿಯಲ್ಲಿ ಮೂರು ಸಂಗತಿ ನೋಡಬೇಕು. ಸೇರುವಾಗ ರೋಗವಿತ್ತೆಂದು ಎಲ್ಲಿಯಾದರೂ ಬರೆದಿದೆಯೆ? ರೋಗ ಮೊದಲು ಕಾಣಿಸಿದ್ದು ಯಾವ ಸ್ಥಳದಲ್ಲಿ, ಯಾವ ಕೆಲಸದಲ್ಲಿದ್ದಾಗ? ಸಂಬಂಧವಿಲ್ಲವೆನ್ನಲು ಕಾರಣ ಬರೆದಿದೆಯೆ, ಬರೀ ಮುದ್ರೆಯಿದೆಯೆ? ಮೇಲ್ಮನವಿಯಲ್ಲಿ ಕಷ್ಟಗಳ ಕಥೆಗಿಂತ ಈ ಮೂರು ಪ್ರಶ್ನೆಗಳಿಗೆ ಹೆಚ್ಚು ಬಲವುಂಟು.

ಇಲಾಖೆಯಲ್ಲಿ ಪರಿಹಾರ ದೊರೆಯದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯಿದೆಯಿಂದ ರೂಪುಗೊಂಡು 2009ರಲ್ಲಿ ಕೆಲಸ ಆರಂಭಿಸಿದ ಈ ಮಂಡಳಿಯ ಪ್ರಧಾನ ಪೀಠ ದೆಹಲಿಯಲ್ಲಿದೆ. ದಕ್ಷಿಣದಲ್ಲಿ ಚೆನ್ನೈ, ಕೊಚ್ಚಿಗಳಲ್ಲಿ ಪೀಠಗಳಿವೆ. ಅಲ್ಲಿಯೂ ಸೋತವರು ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದೆಂದು 2023ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ವಕೀಲರ ಖರ್ಚಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ ಅಂಗವಿಕಲರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಸೈನಿಕರಿಗೂ ಅವರ ಕುಟುಂಬಗಳಿಗೂ ಕಾನೂನಿನ ನೆರವು ನೀಡಲು 2025ರ ಜುಲೈ 26ರಂದು 'ವೀರ ಪರಿವಾರ ಸಹಾಯತಾ ಯೋಜನೆ' ಎಂಬ ಏರ್ಪಾಟನ್ನು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಆರಂಭಿಸಿದೆ. ಇದಾವುದೂ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿದರೆ ದಾರಿ ತೋರಿಸುತ್ತಾರೆ.

ಈಗಾಗಲೇ ವೇತನ ಪಡೆಯುತ್ತಿರುವವರೂ ಒಂದು ವಿಷಯ ತಿಳಿದಿರಬೇಕು. 1996ರ ಜನವರಿ 1ರಿಂದ ಅನ್ವಯಿಸುವ ಆದೇಶದಂತೆ ಶೇಕಡ 50ಕ್ಕಿಂತ ಕಡಿಮೆಯಿರುವ ಊನವನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೂ ಮೇಲಿನದನ್ನು 100 ಎಂದೂ ಎಣಿಸಬೇಕು. ರೋಗದಿಂದ ಬಿಡುಗಡೆಯಾದವರಿಗೆ ಮಾತ್ರ ಇದು ಸಲ್ಲುತ್ತದೆಂದು ಸರ್ಕಾರ ವಾದಿಸಿತ್ತು. ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆಂದು 2014ರ ಡಿಸೆಂಬರ್ 10ರಂದು ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ಶೇಕಡ 20ರ ಮೇಲೆ ಪಡೆಯುತ್ತಿದ್ದವನಿಗೆ ಇದರಿಂದ ವೈಕಲ್ಯಾಂಶ ಎರಡೂವರೆ ಪಟ್ಟಾಗುತ್ತದೆ.

ಇದು ಹಳಬರ ವಿಷಯವೆಂದು ತರುಣರು ಉಪೇಕ್ಷಿಸಬಾರದು. 2022ರಿಂದ ನಾಲ್ಕು ವರ್ಷದ ಅವಧಿಗೆ ಸೇರುತ್ತಿರುವ ಅಗ್ನಿವೀರರಿಗೆ ಪಿಂಚಣಿಯಿಲ್ಲ. ಊನವುಂಟಾದರೆ ಒಮ್ಮೆಗೆ ಕೊಡುವ ಇಡುಗಂಟಿದೆ. ಊನ 100, 75, 50ರಷ್ಟಿದ್ದರೆ ಕ್ರಮವಾಗಿ 44, 25, 15 ಲಕ್ಷ ರೂಪಾಯಿ. ಅದಕ್ಕೂ ನಿಬಂಧನೆ ಹಳೆಯದೇ: ಊನವು ಸೇವೆಯಿಂದ ಬಂದಿರಬೇಕು, ಇಲ್ಲವೆ ಉಲ್ಬಣಿಸಿರಬೇಕು. ಆದಕಾರಣ ಸೇರುವ ದಿನದಿಂದಲೇ ಆರೋಗ್ಯದ ಕಾಗದಗಳ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು. ಸೈನ್ಯದ ದಾಖಲೆ ಕಚೇರಿಗಳಲ್ಲಿ ಪಿಂಚಣಿಯಿಲ್ಲದವರ ಕಡತಗಳನ್ನು 25 ವರ್ಷಗಳಾದ ಮೇಲೆ ನಾಶಪಡಿಸುವ ಪದ್ಧತಿಯಿದ್ದುದರಿಂದ, ತಡವಾಗಿ ಎಚ್ಚೆತ್ತ ಅನೇಕರ ಬಳಿ ತೋರಿಸಲು ಒಂದು ಚೂರು ಕಾಗದವೂ ಉಳಿದಿರಲಿಲ್ಲ.

ರಕ್ಷಣಾ ಸಚಿವರು 2015ರಲ್ಲಿ ನೇಮಿಸಿದ್ದ ತಜ್ಞರ ಸಮಿತಿಯೊಂದು ಸೈನಿಕರ ವಿರುದ್ಧ ಸರ್ಕಾರ ಹೂಡುವ ಮೇಲ್ಮನವಿಗಳನ್ನು ಕಡಿಮೆ ಮಾಡುವ ದಾರಿಗಳನ್ನು ಸೂಚಿಸಿತ್ತು. ಅದಾಗಿ ಹತ್ತು ವರ್ಷಗಳಾದ ಮೇಲೂ ನೂರಾರು ಅರ್ಜಿಗಳು ನ್ಯಾಯಾಲಯದಲ್ಲಿ ವಜಾ ಆಗುತ್ತಿರುವುದನ್ನು ನೋಡಿದರೆ, ಬದಲಾಗಬೇಕಾದದ್ದು ನಿಯಮಕ್ಕಿಂತ ಹೆಚ್ಚಾಗಿ ಅಭ್ಯಾಸ ಎನಿಸುತ್ತದೆ. ಮಂಡಲಿಯ ವೈದ್ಯರು ತಮ್ಮ ಅಂಕಣದಲ್ಲಿ ಕಾರಣವನ್ನು ನಾಲ್ಕು ಸಾಲು ಬರೆದರೆ, ಅರ್ಹನಾದ ಸೈನಿಕನಿಗೆ ವೇತನ ಬೇಗ ಸಿಗುತ್ತದೆ. ಅರ್ಹನಲ್ಲದವನಿಗೆ ತಾನೇಕೆ ಅರ್ಹನಲ್ಲವೆಂಬುದು ತಿಳಿಯುತ್ತದೆ. ಎರಡೂ ನ್ಯಾಯವೇ.

ಅದಾಗುವ ತನಕ ನಮ್ಮ ನಿಮ್ಮಂಥವರಿಗೂ ಒಂದು ಕೆಲಸ ಉಳಿದಿದೆ. ಹಳ್ಳಿಯ ಶಾಲೆಯ ಉಪಾಧ್ಯಾಯರು, ಅಂಚೆಯವರು, ಬ್ಯಾಂಕಿನ ಗುಮಾಸ್ತರು, ಕಾಲೇಜಿನಲ್ಲಿ ಓದುವ ಮಕ್ಕಳು, ಇಂಗ್ಲಿಷ್ ಕಾಗದವನ್ನು ಓದಬಲ್ಲ ಯಾರೇ ಆಗಲಿ, ತಮ್ಮ ಊರಿನಲ್ಲಿ ಸೈನ್ಯದಿಂದ ರೋಗಿಯಾಗಿ ಬಂದವನು ಇದ್ದಾನೆಯೆ ಎಂದು ವಿಚಾರಿಸಿ, ಅವನ ಮನೆಗೆ ಹೋಗಿ, ಟ್ರಂಕಿನಲ್ಲಿರುವ ಕಾಗದವನ್ನು ಹೊರಗೆ ತೆಗೆಸಿ, ಕೊನೆಯ ಸಾಲಿನವರೆಗೂ ಓದಿ ಹೇಳಬೇಕು. ಒಂದು ಸಂಜೆಯ ಕೆಲಸ.